ಮನವಿ ಅಣ್ಣಯ್ಯ

ಊರಿನ ಗ್ರಂಥಾಲಯಕ್ಕೆ ಸರಿಯಾದ ಬಾಗಿಲು ಇರುತ್ತದೋ ಇಲ್ಲವೋ, ಅದರ ಪರವಾಗಿ ಸರ್ಕಾರದ ಹತ್ತಿರ ಮಾತಾಡುವವರು ಒಬ್ಬರಂತೂ ಇದ್ದೇ ಇರುತ್ತಾರೆ. ಅವರಿಗೆ ಯಾರೂ ನೇಮಕಾತಿ ಆದೇಶ ಕೊಟ್ಟಿಲ್ಲ. ಸಂಬಳವಿಲ್ಲ, ಬಸ್ ಚಾರ್ಜೂ ಕೈಯಿಂದಲೇ. ಯಾವುದೋ ಕಚೇರಿಯಲ್ಲಿ ಗುಮಾಸ್ತರಾಗಿ ನಿವೃತ್ತರಾದ ಮೇಲೆ, ಫೈಲು ಮುಟ್ಟದೆ ಕೈ ತುರಿಸಿ, ಈ ಕೆಲಸವನ್ನು ತಾವಾಗಿ ಮೈಮೇಲೆ ಎಳೆದುಕೊಂಡವರು. ಅಂಥ ಒಬ್ಬರನ್ನು ತ್ರಾಸಿಯಲ್ಲಿ ಕೂರಿಸಿ ಮನವಿ ಅಣ್ಣಯ್ಯ ಎಂದು ಕರೆಯುತ್ತೇನೆ. ಉಪ್ಪುಂದದವರು, ಕೋಟದವರು, ಬಾರ್ಕೂರಿನವರು ತಂತಮ್ಮ ಊರಿನ ಅಣ್ಣಯ್ಯನನ್ನು ಅದೇ ಕುರ್ಚಿಯಲ್ಲಿ ಕೂರಿಸಿಕೊಂಡು ಓದಬಹುದು. ಅಳತೆ ಏನೂ ತಪ್ಪುವುದಿಲ್ಲ.

ತ್ರಾಸಿಯನ್ನೇ ಆರಿಸಿದ್ದಕ್ಕೆ ಕಾರಣವಿದೆ. ಮನವಿ ಬರೆಯುವವರಿಗೆ ಇಷ್ಟು ಅನುಕೂಲದ ಊರು ಕರಾವಳಿಯಲ್ಲಿ ಇನ್ನೊಂದು ಸಿಗಲಿಕ್ಕಿಲ್ಲ. ತಾಲ್ಲೂಕು ಕುಂದಾಪುರ. ಶಾಸಕರು ಬೈಂದೂರು ಕ್ಷೇತ್ರದವರು. ಜಿಲ್ಲೆ ಉಡುಪಿ, ಜಿಲ್ಲಾಧಿಕಾರಿ ಕೂರುವುದು ಮಣಿಪಾಲದ ರಜತಾದ್ರಿಯಲ್ಲಿ. ಸಂಸದರು ಮಾತ್ರ ಘಟ್ಟದ ಮೇಲಿನ ಶಿವಮೊಗ್ಗದವರು, ಏಕೆಂದರೆ ಬೈಂದೂರು ಕ್ಷೇತ್ರ ಸೇರಿರುವುದು ಶಿವಮೊಗ್ಗ ಲೋಕಸಭಾ ಕ್ಷೇತ್ರಕ್ಕೆ. ವಿಧಾನ ಪರಿಷತ್ತಿಗೆ ಬಂದರೆ ಸ್ಥಳೀಯ ಸಂಸ್ಥೆಗಳ ಕ್ಷೇತ್ರಕ್ಕೆ ದಕ್ಷಿಣ ಕನ್ನಡದ ಹೆಸರು, ಪದವೀಧರರದಕ್ಕೂ ಶಿಕ್ಷಕರದಕ್ಕೂ ನೈಋತ್ಯದ ಹೆಸರು. ಗ್ರಂಥಾಲಯದ ಒಂದು ಹೆಂಚು ಒಡೆದರೆ ಎಷ್ಟು ದಿಕ್ಕಿಗೆ ಕಾಗದ ಹಾಕಬಹುದು ಲೆಕ್ಕ ಹಾಕಿ. ನಮಗೆ ನಿಮಗೆ ಇದು ತಲೆನೋವು, ಅಣ್ಣಯ್ಯನಿಗೆ ಇದೇ ಹಬ್ಬ. ಸಂಸದರ ನಿಧಿ ವರ್ಷಕ್ಕೆ 5 ಕೋಟಿ, ಶಾಸಕರದು 2 ಕೋಟಿ ಎಂಬುದು ಅವರಿಗೆ ಮಗ್ಗಿಯ ಹಾಗೆ ಬಾಯಿಪಾಠ.

ಅವರ ಮನವಿಗೊಂದು ಕ್ರಮವಿದೆ. ಮೊದಲ ಪ್ಯಾರಾದಲ್ಲಿ ಶಿವರಾಮ ಕಾರಂತರೂ ಗೋಪಾಲಕೃಷ್ಣ ಅಡಿಗರೂ ಬರಲೇಬೇಕು. ತೆಂಕಿಗೆ ಕಾರಂತರು ಹುಟ್ಟಿದ ಕೋಟ, ಬಡಗಿಗೆ ಅಡಿಗರು ಹುಟ್ಟಿದ ಮೊಗೇರಿ, ನಡುವೆ ತ್ರಾಸಿ; ಇಂಥ ಪುಣ್ಯಭೂಮಿಯಲ್ಲಿ ಗ್ರಂಥಾಲಯದ ಮಾಡು ಸೋರುವುದು ನಾಡಿಗೇ ಅವಮಾನ ಎಂದು ಶುರು. ಎರಡನೆಯ ಪ್ಯಾರಾದಲ್ಲಿ 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮ. ಮೂರನೆಯದರಲ್ಲಿ ಬೇಡಿಕೆಗಳ ಪಟ್ಟಿ: ಆವರಣ ಗೋಡೆ, ಮಾಡು, ಶೌಚಾಲಯ, ಇನ್‌ವರ್ಟರ್, ನಾಮಫಲಕ, ಪ್ಲಾಸ್ಟಿಕ್ ಕುರ್ಚಿ, ಪುಸ್ತಕ. ಪುಸ್ತಕಕ್ಕೆ ಏಳನೆಯ ನಂಬರು. ಕೆಳಗೆ ಪ್ರತಿ ಕಳಿಸಿದವರ ಪಟ್ಟಿ ಮನವಿಗಿಂತ ಒಂದೆರಡು ಸಾಲು ಉದ್ದ.

ಮನವಿ ಕೊಡುವುದು ಅರ್ಧ ಕೆಲಸ. ಸ್ವೀಕೃತಿ ತರುವುದು ಉಳಿದರ್ಧ. ಬಟನ್ ಫೈಲಿನಲ್ಲಿ ಮೂರು ಪ್ರತಿ ಹಿಡಿದು ಟಪಾಲು ಗುಮಾಸ್ತರ ಮೇಜಿನ ಮುಂದೆ ನಿಂತರೆ, ಸೀಲು ಬಿದ್ದು ತಾರೀಕು ಬರೆದು ಇನ್‌ವರ್ಡ್ ನಂಬರು ಹಾಕುವವರೆಗೆ ಕದಲುವುದಿಲ್ಲ. ಸೀಲಿನ ಶಾಯಿ ಮಸುಕಾಗಿದ್ದರೆ ಚೀಲದಿಂದ ತಮ್ಮದೇ ಸ್ಟಾಂಪ್ ಪ್ಯಾಡ್ ತೆಗೆದು ಮೆಲ್ಲಗೆ ಮುಂದೆ ಸರಿಸುತ್ತಾರೆ. "ಸೀಲ್ ಇಲ್ದಿದ್ ಕಾಗ್ದ ಕಾಗ್ದವೇ ಅಲ್ಲ ಮಾರಾಯ್ರೆ" ಎನ್ನುವುದು ಅವರ ವೇದವಾಕ್ಯ. ಆಗಸ್ಟ್ 12ರ ಗ್ರಂಥಪಾಲಕರ ದಿನಾಚರಣೆಯಲ್ಲಿ ಎಸ್.ಆರ್. ರಂಗನಾಥನ್ ಬಗ್ಗೆ ಮಾತಾಡುವವರೂ ಇವರೇ. ರಂಗನಾಥನ್ 1917ರಲ್ಲಿ ಮಂಗಳೂರಿನ ಸರ್ಕಾರಿ ಕಾಲೇಜಿಗೆ ಗಣಿತ ಕಲಿಸಲು ಬಂದಿದ್ದರು ಎಂಬ ಒಂದೇ ಎಳೆ ಹಿಡಿದು ಅವರನ್ನು ನಮ್ಮವರನ್ನಾಗಿ ಮಾಡಿಬಿಡುತ್ತಾರೆ. 1931ರಲ್ಲಿ ರಂಗನಾಥನ್ ಹೇಳಿದ್ದು ಐದು ಸೂತ್ರ: ಪ್ರತಿ ಓದುಗನಿಗೂ ಅವನ ಪುಸ್ತಕ, ಪ್ರತಿ ಪುಸ್ತಕಕ್ಕೂ ಅದರ ಓದುಗ, ಹೀಗೆ. ಪ್ರತಿ ಕಾಗದಕ್ಕೂ ಅದರ ಸೀಲು ಎಂಬ ಆರನೆಯದನ್ನು ಅಣ್ಣಯ್ಯ ಬಾಯಿಬಿಟ್ಟು ಹೇಳಿಲ್ಲ, ಆಚರಿಸುತ್ತಿದ್ದಾರೆ.

ಕಪಾಟಿನ ಮೇಲೆ ನೀರು ಬಿದ್ದಾಗ ಅವರು ಏನು ಮಾಡುತ್ತಾರೆ ಎಂಬುದನ್ನು ಕಣ್ಣಾರೆ ಕಂಡರೆ ಮನುಷ್ಯ ಅರ್ಥವಾಗುತ್ತಾರೆ. ಆಷಾಢದ ಮಳೆ, ಕಡಲ ಕಡೆಯ ಗಾಳಿ, ತುಕ್ಕು ಹಿಡಿದ ಕಬ್ಬಿಣದ ಕಪಾಟು. ಮೇಲ್ವಿಚಾರಕಿ ಹಳೆ ಸೀರೆಯ ತುಂಡು ಹಿಡಿದು ಓಡುತ್ತಾಳೆ. ಅಣ್ಣಯ್ಯ ಬಾಗಿಲಲ್ಲೇ ಕೈ ಅಡ್ಡ ಹಿಡಿಯುತ್ತಾರೆ. "ಒರ್ಸ್ಬೇಡ ಮಗಾ, ಮೊದ್ಲ್ ಫೋಟೊ ತೆಗಿ." ಒಂದು ಕಾದಂಬರಿ ಒದ್ದೆಯಾದರೂ ಚಿಂತೆಯಿಲ್ಲ, ಲಗತ್ತು ಒಂದು ಒಳ್ಳೆಯದು ಸಿಕ್ಕಿತಲ್ಲ!

ಹಾಗೆಂದು ಅವರು ಯಾರ ಮುಂದೆಯೂ ಹಲ್ಲು ಗಿಂಜುವವರಲ್ಲ. ಮನೆ ತೆರಿಗೆ ರಸೀದಿಯನ್ನು ಕಿಸೆಯಲ್ಲೇ ಇಟ್ಟುಕೊಂಡಿರುತ್ತಾರೆ. 100 ರೂಪಾಯಿ ತೆರಿಗೆಯ ಮೇಲೆ ಆರೋಗ್ಯ ಕರ 15, ಶಿಕ್ಷಣ ಕರ 10, ಗ್ರಂಥಾಲಯ ಕರ 6, ಭಿಕ್ಷುಕರ ಕರ 3. "ದುಡ್ಡಿಲ್ಲ" ಎಂದು ಯಾರಾದರೂ ಅಂದರೆ ರಸೀದಿ ಬಿಡಿಸಿ ಬೆರಳಿಡುತ್ತಾರೆ: "ನಾವ್ ಬೇಡುಕ್ ಬಂದವ್ರಲ್ಲ. ಬೇಡುವವರ ಕಾಲಂ ಬೇರೆಯೇ ಇತ್ತ್, ಕಾಣಿ." ಇಷ್ಟು ಚೊಕ್ಕವಾಗಿ ಕಾಯ್ದೆ ವಿವರಿಸಿದ ವಕೀಲರನ್ನು ನಾನು ಕಂಡಿಲ್ಲ.

ಅವರ ಬದುಕಿನ ದೊಡ್ಡ ಆಘಾತ 2019ರದು. ಆ ವರ್ಷ ಗ್ರಾಮ ಪಂಚಾಯತಿ ಗ್ರಂಥಾಲಯಗಳು ಸಾರ್ವಜನಿಕ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಹೋದವು. ಅದುವರೆಗೆ ಪುಸ್ತಕ ಒಂದು ಇಲಾಖೆಯದು, ಗೋಡೆ ಪಂಚಾಯತಿಯದು. ಗೆದ್ದಲು ಗೋಡೆಯಿಂದ ಪುಸ್ತಕಕ್ಕೆ ಬಂದರೆ ಇಬ್ಬರಿಗೂ ಬರೆಯಬಹುದಿತ್ತು. ವರ್ಷಗಟ್ಟಲೆ ಬೆಳೆಸಿದ ಪರಿಚಯವೆಲ್ಲ ಒಂದೇ ಆದೇಶಕ್ಕೆ ನೀರುಪಾಲು. ಹೊಸ ಇಲಾಖೆಯ ಗುಮಾಸ್ತರ ಹೆಸರು, ಊರು, ಮಗಳ ಮದುವೆ ಎಲ್ಲ ಮೊದಲಿನಿಂದ ಕಲಿಯಬೇಕಾಯಿತು. ಮರುವರ್ಷ ಮಕ್ಕಳ ದಿನದಂದು 'ಓದುವ ಬೆಳಕು' ಬಂದು 6ರಿಂದ 18ರ ಮಕ್ಕಳಿಗೆ ಸದಸ್ಯತ್ವ ಉಚಿತವಾಯಿತು. ಆಮೇಲೆ ಗ್ರಂಥಾಲಯದ ಹೆಸರೇ 'ಅರಿವು ಕೇಂದ್ರ' ಎಂದಾಯಿತು. ಪ್ರತಿ ಬದಲಾವಣೆಯನ್ನೂ ಅಣ್ಣಯ್ಯ ತಮ್ಮ ಹಿಂದಿನ ಯಾವುದೋ ಮನವಿಯ ಫಲ ಎಂದು ನಂಬಿದ್ದಾರೆ. ಸ್ವೀಕೃತಿ ತೋರಿಸುತ್ತಾರೆ ಕೂಡ.

ಮಂತ್ರಿಗಳನ್ನು ಹಿಡಿಯುವುದರಲ್ಲಿ ಅವರಿಗೆ ಭೂಗೋಳ ಅಡ್ಡಿ. ಎಲ್ಲ ಪಕ್ಷದ ಮಂತ್ರಿಗಳೂ ಕೊಲ್ಲೂರು ಮೂಕಾಂಬಿಕೆಗೆ ನಡೆದುಕೊಳ್ಳುವವರೇ. ಆದರೆ ಮಂಗಳೂರು ಕಡೆಯಿಂದ ಬರುವ ಕಾರು ಹೆಮ್ಮಾಡಿಯಲ್ಲೇ ಬಲಕ್ಕೆ ತಿರುಗಿ ವಂಡ್ಸೆ ದಾರಿ ಹಿಡಿಯುತ್ತದೆ. ಮುಳ್ಳಿಕಟ್ಟೆ ದಾಟಿ ತ್ರಾಸಿಗೆ ಬರುವುದೇ ಇಲ್ಲ. ಹಾಗಾಗಿ ಅಣ್ಣಯ್ಯ ಹೆಮ್ಮಾಡಿಗೇ ಹೋಗಿ ನಿಲ್ಲುತ್ತಾರೆ. ಒಂದೊಂದು ಸಲ ಮಂತ್ರಿಗಳು ಕಡಲು ಕಾಣಬೇಕೆಂದು ಮರವಂತೆವರೆಗೆ ಬಂದರೆ ಅವರ ಅದೃಷ್ಟ. ಸಮುದ್ರಕ್ಕೆ ಬೆನ್ನು ಹಾಕಿ ಫೋಟೊಕ್ಕೆ ನಿಂತ ಮಂತ್ರಿಯ ಪಕ್ಕದಲ್ಲಿ ಫೈಲು ಹಿಡಿದ ಒಬ್ಬರು ಕಂಡರೆ ಅವರು ಅಂಗರಕ್ಷಕರಲ್ಲ.

ಇನ್ನು ಉದ್ಘಾಟನೆ. ಇಲ್ಲಿ ಅಣ್ಣಯ್ಯ ಸಾಕ್ಷಾತ್ ಶಿಷ್ಟಾಚಾರ ವಿಭಾಗ. ಕೊನೆಗೂ ಮಾಡಿಗೆ ತಗಡಿನ ಶೀಟು ಬಂತು ಎಂದಿಟ್ಟುಕೊಳ್ಳಿ. ಶೀಟು ಹೊದಿಸಲು ಎರಡು ದಿನ ಸಾಕು, ಆಮಂತ್ರಣ ಪತ್ರಿಕೆ ತಿದ್ದಲು ವಾರ. ಸ್ಥಳೀಯ ಶಾಸಕರದು ಅಧ್ಯಕ್ಷತೆ, ಅದರಲ್ಲಿ ತಕರಾರಿಲ್ಲ. ಉಸ್ತುವಾರಿ ಸಚಿವರು ಮೇಲೋ, ಘಟ್ಟದ ಮೇಲಿನ ಸಂಸದರು ಮೇಲೋ? ಪರಿಷತ್ ಸದಸ್ಯರಲ್ಲಿ ಯಾರ ಹೆಸರು ಮೊದಲು? 'ಘನ ಉಪಸ್ಥಿತಿ' ಎಷ್ಟು ಮಂದಿಗೆ ಕೊಡಬಹುದು? ಪ್ರೆಸ್ಸಿನವನು ಅಕ್ಷರ ಸಣ್ಣದು ಮಾಡೋಣವೇ ಎಂದರೆ ಅಣ್ಣಯ್ಯ ಕೆಂಡವಾಗುತ್ತಾರೆ. ಅಕ್ಷರದ ಗಾತ್ರದಲ್ಲೇ ಮುಂದಿನ ಅನುದಾನ ನಿಂತಿದೆಯಂತೆ. ತಾಲ್ಲೂಕು, ಜಿಲ್ಲಾ ಪಂಚಾಯತಿಗಳ ಅವಧಿ 2021ರಲ್ಲಿ ಮುಗಿದು ವರ್ಷಗಟ್ಟಲೆ ಚುನಾವಣೆಯೇ ಆಗದ್ದರಿಂದ ಪತ್ರಿಕೆಯಲ್ಲಿ ಒಂದೆರಡು ಸಾಲು ಉಳಿಯಿತು. ಪ್ರಜಾಪ್ರಭುತ್ವದ ಆ ನಷ್ಟವನ್ನು ಊರಿನಲ್ಲಿ ಮನಸಾರೆ ದುಃಖಿಸಿದವರು ಇವರೊಬ್ಬರೇ, ಪತ್ರಿಕೆ ಬೋಳು ಕಾಣುತ್ತದೆ ಎಂದು.

ಸನ್ಮಾನದ ಕಥೆ ಬೇರೆ. 2021ರಲ್ಲಿ ಸರ್ಕಾರಿ ಸಮಾರಂಭಗಳಲ್ಲಿ ಹಾರ ಶಾಲು ಬೇಡ, ಕನ್ನಡ ಪುಸ್ತಕ ಕೊಡಿ ಎಂದು ಸುತ್ತೋಲೆ ಬಂತು. 2023ರಲ್ಲಿ ಸಿದ್ದರಾಮಯ್ಯನವರೂ ಅದನ್ನೇ ಹೇಳಿದರು. ಗ್ರಂಥಾಲಯಕ್ಕೆ ಇದಕ್ಕಿಂತ ಸುಲಭ ಉಂಟೇ? ಅಣ್ಣಯ್ಯ ಕಾರಂತರ 'ಮರಳಿ ಮಣ್ಣಿಗೆ'ಯ ಒಂದು ಪ್ರತಿಯನ್ನು ಬಣ್ಣದ ಕಾಗದ ಸುತ್ತಿ ಇಟ್ಟುಕೊಂಡಿದ್ದಾರೆ. ಅತಿಥಿಗಳು ಕೈಗೆ ತಗೊಳ್ಳುತ್ತಾರೆ, ಫೋಟೊ ಆಗುತ್ತದೆ, ಪುಸ್ತಕ ವೇದಿಕೆಯ ಕುರ್ಚಿಯಲ್ಲೇ ಉಳಿಯುತ್ತದೆ. ಅದು ಪ್ರತಿ ಸಲವೂ ಮರಳಿ ಕಪಾಟಿಗೆ. ಇಡೀ ಗ್ರಂಥಾಲಯದಲ್ಲಿ ಅತಿ ಹೆಚ್ಚು ಕೈ ಬದಲಾಯಿಸಿದ ಪುಸ್ತಕ ಅದು. ಸುತ್ತಿದ ಕಾಗದವನ್ನು ಇನ್ನೂ ಯಾರೂ ಬಿಚ್ಚಿಲ್ಲ.

ಅಮೃತಶಿಲೆಯ ಫಲಕ ಗೋಡೆಗೆ ಏರಿದ ಮೇಲೆ ಒಂದು ಕಪಾಟಿಗೆ ಜಾಗವಿಲ್ಲದೆ ಹೊರಗಿನ ಜಗಲಿಗೆ ಬಂತು. ಚುನಾವಣೆ ಘೋಷಣೆಯಾಗಿ ನೀತಿ ಸಂಹಿತೆ ಬಂದಾಗ ಫಲಕದ ಮೇಲಿನ ಹೆಸರು ಕಾಣದಂತೆ ಹಳೆ ಪತ್ರಿಕೆ ಅಂಟಿಸಿದರು. ಆ ತಿಂಗಳು ಓದುಗರು ಮೇಜಿನ ಮೇಲಿನ ಪತ್ರಿಕೆ ಬಿಟ್ಟು ಗೋಡೆಯ ಮುಂದೆ ನಿಂತು ಓದುತ್ತಿದ್ದರು.

ಅಣ್ಣಯ್ಯ ಸ್ವತಃ ಓದುವುದು ವರ್ಗಾವಣೆ ಪಟ್ಟಿ ಮಾತ್ರ. ಅಡಿಗರ ಒಂದು ಪದ್ಯ, ಕಾರಂತರ ಒಂದು ಪುಟ ಅವರು ಬಿಡಿಸಿ ನೋಡಿದ್ದಕ್ಕೆ ಸಾಕ್ಷಿಯಿಲ್ಲ. "ಓದುಕೆ ಪುರ್ಸೊತ್ತ್ ಎಲ್ಲಿತ್ತ್?" ಎಂದು ಕೇಳುತ್ತಾರೆ. ನಾನು ನಗುತ್ತಿದ್ದರೂ ಒಂದು ಮಾತು ಒಪ್ಪಲೇಬೇಕು. ದಿನಾ ಬಂದು ಓದುವ ನಮ್ಮಂಥವರಲ್ಲಿ ಒಬ್ಬರೂ ಒಂದು ಕಾಗದ ಬರೆದವರಲ್ಲ. ಮಾಡು ಸೋರುವುದು ನಿಂತಿದ್ದು ಓದದ ಮನುಷ್ಯನಿಂದ.

ಆದ್ದರಿಂದ ಈ ಸಲ ಮನೆ ತೆರಿಗೆ ಕಟ್ಟಿದಾಗ ರಸೀದಿಯಲ್ಲಿ ಗ್ರಂಥಾಲಯ ಕರದ ಸಾಲು ಹುಡುಕಿ. ಗ್ರಾಮಸಭೆಗೆ ಹೋಗಿ, ಈ ಲೆಕ್ಕದಲ್ಲಿ ಎಷ್ಟು ಜಮೆಯಾಯಿತು, ಎಷ್ಟರ ಪುಸ್ತಕ ಬಂತು ಎಂದು ಕೇಳಿ. ಮುಂದಿನ ಸಾಲಿನಲ್ಲಿ ಅಣ್ಣಯ್ಯ ಕೂತಿರುತ್ತಾರೆ, ಮೈಕು ಅವರಿಗೇ ಮೊದಲು ಕೊಡಿ. ಪಟ್ಟಿಯನ್ನು ಮಾತ್ರ ನೀವು ಬರೆದುಕೊಡಿ, ಪುಸ್ತಕವನ್ನು ಏಳರಿಂದ ಒಂದಕ್ಕೆ ತಂದು.