ಬೈ ಬಿಟ್ಟ ವಾಕ್ಯ

ಇಂಗ್ಲಿಷ್ ಕಷ್ಟ ಅಂತ ದಾವಣಗೆರೆ ಜಿಲ್ಲೆಯ ಜಗಳೂರು ಸೀಮೆಯ ಮಕ್ಕಳು ಗೊಣಗುತ್ತಾರೆ. ಪ್ಯಾಸಿವ್ ವಾಯ್ಸ್ ಒಂದನ್ನು ಪಳಗಿಸಿಕೊಂಡರೆ ಸಾಕು, ಮಿಕ್ಕ ವ್ಯಾಕರಣ ಕಲಿಯದೆಯೇ ಸರ್ಕಾರ ನಡೆಸಬಹುದು ಎಂಬುದು ಪಾಪ ಅವಕ್ಕೆ ಗೊತ್ತಿಲ್ಲ.

ಪಾಠ ಶುರುವಾಗುವುದು ರಾಮಾಯಣದಿಂದ. 'ರಾಮ ಕಿಲ್ಡ್ ರಾವಣ.' ತಿರುಗಿಸಿದರೆ 'ರಾವಣ ವಾಸ್ ಕಿಲ್ಡ್ ಬೈ ರಾಮ.' ಸತ್ತವನು ಮುಂದೆ ಬಂದ, ಕೊಂದವನು ಹಿಂದೆ ಸರಿದ. ಇಲ್ಲಿವರೆಗೂ ಮಕ್ಕಳು ತಡೆದುಕೊಳ್ಳುತ್ತಾರೆ. ತಲೆ ಕೆಡುವುದು ಆಮೇಲಿನ ರೂಲಿಗೆ: ಮಾಡಿದವರು ಯಾರೆಂದು ಗೊತ್ತಿಲ್ಲದಿದ್ದರೆ, ಹೇಳಲು ಮನಸ್ಸಿಲ್ಲದಿದ್ದರೆ, 'ಬೈ' ಬಿಟ್ಟುಬಿಡಬಹುದು. ಬಿಟ್ಟ ಮೇಲೆ ಬೈಯಲಿಕ್ಕೂ ಯಾರೂ ಸಿಗುವುದಿಲ್ಲ!

ನಮ್ಮ ಆಡುಮಾತಿನಲ್ಲಿ ಈ ಸೌಕರ್ಯ ಕಡಿಮೆ. 'ನಾನು' ಎಂಬುದನ್ನು ನುಂಗಿಕೊಂಡರೂ 'ಕೊಡ್ತೀನಿ' ಅಂದವನ ಜುಟ್ಟು ಕ್ರಿಯಾಪದದ ತುದಿಯಲ್ಲಿ ಕೈಗೆ ಸಿಕ್ಕೇ ಸಿಗುತ್ತದೆ. ಅದಕ್ಕೇ ಕಚೇರಿಗಳು 'ಕೊಡಲಾಗುವುದು' ಎಂಬ ಬೋಳುತಲೆಯ ಕನ್ನಡವನ್ನು ಸಾಕಿಕೊಂಡಿವೆ.

ಈ ವಿದ್ಯೆಯ ಉತ್ತಮ ಮಾದರಿ 2023ರ ಫೆಬ್ರುವರಿ 1ರ ಕೇಂದ್ರ ಬಜೆಟ್ ಭಾಷಣದಲ್ಲಿದೆ. ಇಂಗ್ಲಿಷಿನಲ್ಲಿ ಒಂದೇ ವಾಕ್ಯ. ಮೊದಲು ಬರಪೀಡಿತ ಮಧ್ಯ ಕರ್ನಾಟಕ, ಆಮೇಲೆ 5,300 ಕೋಟಿ ರೂಪಾಯಿ, ನಂತರ 'ವಿಲ್ ಬಿ ಗಿವನ್', ಅದರ ಬೆನ್ನಿಗೆ ಭದ್ರಾ ಮೇಲ್ದಂಡೆ ಯೋಜನೆ, ಸೂಕ್ಷ್ಮ ನೀರಾವರಿ, ಕೆರೆ ತುಂಬಿಸುವುದು. ಕೊಡುವವರು ಯಾರು? 'ಬೈ' ಇಲ್ಲ. ಯಾವಾಗ? ಅದೂ ಇಲ್ಲ. ವ್ಯಾಕರಣದ ಪ್ರಕಾರ ಆ ವಾಕ್ಯದ ಸಬ್ಜೆಕ್ಟ್ ಸಾಕ್ಷಾತ್ ನೆರವಿನ ಹಣವೇ. ಕರ್ತೃವಿನ ಕುರ್ಚಿ ಮೇಲೆ ದುಡ್ಡು ಕೂತಿತು, ಕೂತಲ್ಲಿಂದ ಬೇಗ ಏಳಲಿಲ್ಲ. 2025ರಲ್ಲೂ ಹಣ ಬಂದಿಲ್ಲವೆಂದು ರಾಜ್ಯ ಸರ್ಕಾರ ದೂರುತ್ತಲೇ ಇತ್ತು. ರಾಜ್ಯವೇನೂ ವ್ಯಾಕರಣದಲ್ಲಿ ಹಿಂದೆ ಬಿದ್ದಿಲ್ಲ. ಅದರ 'ಕಾಮಗಾರಿ ಪೂರ್ಣಗೊಳಿಸಲಾಗುವುದು' ಯಾವ ಪ್ಯಾಸಿವ್‌ಗೂ ಸೋಲದು.

ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು, ದಾವಣಗೆರೆ ಜಿಲ್ಲೆಗಳ 367 ಕೆರೆ, ಎರಡೂಕಾಲು ಲಕ್ಷ ಹೆಕ್ಟೇರ್ ಹೊಲ, 29.9 ಟಿಎಂಸಿ ನೀರು, ಎಲ್ಲವೂ ಭದ್ರಾ ಮೇಲ್ದಂಡೆ ಯೋಜನೆಯ ಕರ್ಮಪದಗಳು. ಕರ್ತೃ ನಾಪತ್ತೆ, ಕರ್ಮ ಮಾತ್ರ ಮೆಕ್ಕೆಜೋಳ ಬೆಳೆಯುವ ರೈತನದು.

ಜಗಳೂರಿನ ಒಂದು ಹತ್ತನೇ ಕ್ಲಾಸನ್ನು ಊಹಿಸಿಕೊಳ್ಳಿ. ಮೇಷ್ಟ್ರು ಬಜೆಟ್ಟಿನ ಆ ವಾಕ್ಯವನ್ನೇ ಬೋರ್ಡಿನ ಮೇಲೆ ಬರೆದು, ಆಕ್ಟಿವ್ ವಾಯ್ಸಿಗೆ ತಿರುಗಿಸಿ ಅಂದರು.

"ಸಾರ್, ಕೊಡೋರು ಯಾರಂತ ಬರೀಬೇಕು?"

"ಗೊತ್ತಿಲ್ಲದಿದ್ರೆ 'ಸಮ್‌ಬಡಿ' ಅಂತ ಬರಿ. ಫುಲ್ ಮಾರ್ಕ್ಸ್."

ಹುಡುಗ ಬರೆದ. ಪೆನ್ನು ಕೆಳಗಿಟ್ಟು ಮತ್ತೆ ಎದ್ದ.

"ಸಾರ್, ಈ ಸಮ್‌ಬಡಿ ಡೆಲ್ಲಿಯೋರಾ, ಬೆಂಗ್ಳೂರೋರಾ?"

"ಅದು ಸಿಲಬಸ್‌ನಾಗಿಲ್ಲ, ಕುಂದ್ರು."