ಟೇಬಲ್ ತೋರಿಸಪ್ಪ ಮೊದಲು

ಹೊಸಪೇಟೆಯಲ್ಲಿ ಯಾರ ಕಂಪ್ಯೂಟರಿನಲ್ಲಿ ರಿಪೋರ್ಟು ಬರದಿದ್ದರೂ ಫೋನು ಹೋಗುವುದು ಒಬ್ಬನಿಗೇ. ಸಂಡೂರಿನ ಅದಿರು ಲಾರಿಗಳ ಲೆಕ್ಕ ಬರೆಯುವ ಹುಡುಗ, ಕಂಪ್ಲಿಯ ರೈಸ್ ಮಿಲ್ಲಿನ ಗುಮಾಸ್ತ, ಬೆಂಗಳೂರಿನ ಕಂಪನಿಗೆ ಹೊಸದಾಗಿ ಸೇರಿಕೊಂಡ ಯಾರದೋ ಅಳಿಯ, ಎಲ್ಲರಿಗೂ ಇವನೇ ಗತಿ. ಸಂಬಳ ಬರುವ ಕೆಲಸ ಬೇರೆಯೇ ಇದೆ. ಡೇಟಾಬೇಸಿಗೆ ಪ್ರಶ್ನೆ ಕೇಳುವ ಭಾಷೆಯಾದ ಎಸ್‌ಕ್ಯೂಎಲ್‌ನಲ್ಲಿ ಊರವರು ಹಾಕಿಕೊಂಡ ಗಂಟು ಬಿಡಿಸಿಕೊಡುವುದು ಇವನಿಗೆ ಅಂಟಿಕೊಂಡ ಚಟ. ಇಂಥವರು ಈಗ ಊರಿಗೊಬ್ಬಿಬ್ಬರು ಸಿಗುತ್ತಾರೆ. ಹೊಸಪೇಟೆಯ ಹುಡುಗರು ತಮ್ಮ ಪಾಲಿಗೆ ಬಂದವನನ್ನು ಕರೆಯುವುದು ‘ಕ್ವೆರಿ ಅಣ್ಣ’ ಎಂದು.

ಕ್ವೆರಿ ಅಣ್ಣನ ದೊಡ್ಡ ದೋಷವೆಂದರೆ ಕೇಳಿದ್ದನ್ನು ಕೊಡದಿರುವುದು. ಕೇಳಿದವನನ್ನೇ ಕೂರಿಸಿಕೊಂಡು ಪ್ರಶ್ನೆ ಕೇಳುತ್ತಾನೆ.

ಒಮ್ಮೆ ರಾತ್ರಿ ಊಟದ ಹೊತ್ತಿಗೆ ಟ್ರಾನ್ಸ್‌ಪೋರ್ಟ್ ಆಫೀಸಿನ ಹುಡುಗನೊಬ್ಬ ವಾಟ್ಸಾಪ್‌ನಲ್ಲಿ ಮಾನಿಟರಿನ ಫೋಟೋ ಕಳಿಸಿದ. ಫೋಟೋ ಓರೆ, ಅರ್ಧ ಪರದೆಯ ತುಂಬ ಟ್ಯೂಬ್‌ಲೈಟಿನ ಬೆಳಕು, ಮೂಲೆಯಲ್ಲಿ ಹುಡುಗನ ಹೆಬ್ಬೆರಳು. ಕೆಳಗೆ ‘ಅರ್ಜೆಂಟ್ ಅಣ್ಣಾ’ ಎಂಬ ಒಂದೇ ಒಕ್ಕಣೆ.

“ಟೇಬಲ್ ತೋರಿಸಪ್ಪ ಮೊದಲು.”

“ಟೇಬಲ್ ಸರಿ ಐತಣ್ಣ. ಕ್ವೆರಿ ಒಂದು ಬರದು ಕಳಸ್ರಿ ಸಾಕು.”

“ಯಾವ ಕಾಲಮ್ ಖಾಲಿ ಬಿಡಾಕ ಬರ್ತೈತಿ, ಯಾವುದು ಬರಂಗಿಲ್ಲ?”

“ಮಾಲಕ್ರು ಕಾಯಾಕತ್ತಾರಣ್ಣ!”

“ಕಾಯಲಿ. ಉತ್ತರ ಹೆಂಗ್ ಬರ್ಬೇಕು ಅಂತ ಐದು ಸಾಲು ಕೈಯಾಗ ಬರದು ಕಳಸು.”

ಸಂಡೂರಿನಲ್ಲಿ ಅದಿರು ತುಂಬಿಕೊಂಡು ಹೊರಟು ಇನ್ನೂ ಅನ್‌ಲೋಡ್ ಆಗದ ಟ್ರಿಪ್ಪುಗಳು ಯಾವುವು? ಮಾಲೀಕರಿಗೆ ಬೇಕಾಗಿದ್ದದ್ದು ಇಷ್ಟೇ. ಹುಡುಗ ‘ನಾಟ್ ಇನ್’ ಹಾಕಿ, ಲೋಡಿಂಗ್ ಟೇಬಲಿನಲ್ಲಿದ್ದು ಅನ್‌ಲೋಡಿಂಗ್ ಟೇಬಲಿನಲ್ಲಿ ಇಲ್ಲದ ಟ್ರಿಪ್ ನಂಬರುಗಳನ್ನು ಕೇಳಿದ್ದ. ಒಂದು ಸಾಲೂ ಬರಲಿಲ್ಲ. ಎಲ್ಲ ಲಾರಿ ಮುಟ್ಟಿದವು ಎಂದು ಮಾಲೀಕರು ಮೊದಲು ಸಂತೋಷಪಟ್ಟರು. ಅಷ್ಟರಲ್ಲಿ ದಾರಿಯಲ್ಲಿ ಕೆಟ್ಟು ನಿಂತ ಲಾರಿಯ ಡ್ರೈವರ್ ಫೋನ್ ಮಾಡಿ ಮೆಕ್ಯಾನಿಕ್ ಕೇಳಿದ.

ತಪ್ಪು ಸಿಕ್ಕಿದ್ದು ಕ್ವೆರಿ ಅಣ್ಣ ಹಟ ಹಿಡಿದು ತರಿಸಿಕೊಂಡ ಆ ಟೇಬಲಿನಲ್ಲೇ. ಅನ್‌ಲೋಡಿಂಗ್‌ನ ಒಂದೇ ಒಂದು ಸಾಲಿನಲ್ಲಿ ಯಾರೋ ಟ್ರಿಪ್ ನಂಬರ್ ತುಂಬದೆ ಬಿಟ್ಟಿದ್ದರು. ಡೇಟಾಬೇಸಿನ ಭಾಷೆಯಲ್ಲಿ ಅದು ‘ನಲ್’, ಅಂದರೆ ಗೊತ್ತಿಲ್ಲ ಎಂದರ್ಥ. ಗೊತ್ತಿಲ್ಲದ ಆ ನಂಬರು ಯಾವ ಟ್ರಿಪ್ಪಿನದಾದರೂ ಆಗಿರಬಹುದು. ಹಾಗಾಗಿ ಯಾವ ಟ್ರಿಪ್ಪಿನ ಬಗ್ಗೆಯೂ ‘ಇದು ಬಂದಿಲ್ಲ’ ಎಂದು ಪ್ರಮಾಣ ಮಾಡಲು ಡೇಟಾಬೇಸು ತಯಾರಿಲ್ಲ. ‘ನಾಟ್ ಇನ್’ ತೆಗೆದು ‘ನಾಟ್ ಎಕ್ಸಿಸ್ಟ್ಸ್’ ಹಾಕಿದ ಕೂಡಲೇ ಬಾಕಿ ಲಾರಿಗಳೆಲ್ಲ ಪರದೆಯ ಮೇಲೆ ಬಂದು ನಿಂತವು.

ಇಷ್ಟನ್ನು ಎರಡು ನಿಮಿಷದಲ್ಲಿ ಹೇಳಬಹುದಿತ್ತು. ಆದರೆ 1970ರಲ್ಲಿ ಐಬಿಎಂನ ಎಡ್ಗರ್ ಕಾಡ್ ಡೇಟಾವನ್ನು ಟೇಬಲುಗಳಲ್ಲಿ ಜೋಡಿಸುವ ತತ್ವವನ್ನು ಮಂಡಿಸಿದ್ದು, 1974ರಲ್ಲಿ ಚೇಂಬರ್ಲಿನ್ ಮತ್ತು ಬಾಯ್ಸ್ ಅದಕ್ಕೊಂದು ಭಾಷೆ ಕಟ್ಟಿದ್ದು, ಅದರ ಹೆಸರು ಮೊದಲು ‘ಸೀಕ್ವೆಲ್’ ಆಗಿದ್ದು, ಇಷ್ಟೂ ಪುರಾಣ ಕೇಳದೆ ಹುಡುಗನಿಗೆ ಬಿಡುಗಡೆ ಸಿಗಲಿಲ್ಲ. ಮೆಕ್ಯಾನಿಕ್ಕು ಅಷ್ಟರೊಳಗೆ ಲಾರಿ ರಿಪೇರಿ ಮಾಡಿ ಮನೆ ಸೇರಿದ್ದ.

ಈ ಲೇಖಕನೂ ಒಮ್ಮೆ ಸಿಕ್ಕಿಬಿದ್ದದ್ದುಂಟು. ಬಳ್ಳಾರಿ ಜಿಲ್ಲೆಯ ಹತ್ತು ವರ್ಷದ ಭತ್ತದ ಲೆಕ್ಕ ತೆಗೆದುಕೊಡು ಎಂದರೆ, ಕ್ವೆರಿ ಅಣ್ಣ ಕನ್ನಡಕ ಏರಿಸಿ ಕೇಳಿದ್ದು: “ಯಾವ ತಾರೀಖಿನ ಬಳ್ಳಾರಿ ಸಾರ್?” ಸಿಟ್ಟು ಬಂತು. ಪ್ರಶ್ನೆ ಮಾತ್ರ ಸರಿಯಾದದ್ದೇ. 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ಹೊಸಪೇಟೆ ತಾಲ್ಲೂಕು ಹಂಪಿಯನ್ನು ಕರೆದುಕೊಂಡು ಆಚೆ ಹೋಯಿತು. ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಹರಪನಹಳ್ಳಿಯದಂತೂ ಹೇಳತೀರದು: 1997ರಲ್ಲಿ ದಾವಣಗೆರೆಗೆ, 2018ರಲ್ಲಿ ಮತ್ತೆ ಬಳ್ಳಾರಿಗೆ, 2021ರಲ್ಲಿ ವಿಜಯನಗರಕ್ಕೆ. ತಾರೀಖು ನೋಡದೆ ಕೂಡಿಸಿದರೆ, ರೈತರೆಲ್ಲ ಒಂದೇ ವರ್ಷ ಭತ್ತ ಬಿಟ್ಟು ಊರು ಬಿಟ್ಟಂತೆ ಕಾಣುತ್ತದೆ.

ಊರಿನ ಹೆಸರಿನ ಗೋಳು ಬೇರೆ. 2014ರ ನವೆಂಬರ್ 1ರಂದು ‘ಹಾಸ್ಪೆಟ್’ ಅಧಿಕೃತವಾಗಿ ಹೊಸಪೇಟೆಯಾಯಿತು. ಹಳೆಯ ಬಿಲ್ಲುಗಳಲ್ಲಿ ಒಂದು ಕಾಗುಣಿತ, ಹೊಸ ಬಿಲ್ಲುಗಳಲ್ಲಿ ಇನ್ನೊಂದು, ಅವಸರದಲ್ಲಿ ಟೈಪ್ ಮಾಡುವವರದು ಮೂರನೆಯದು. ರೈಲ್ವೆ ಸ್ಟೇಷನ್ನಿನ ಕೋಡು ಇವತ್ತಿಗೂ ಎಚ್‌ಪಿಟಿ. ಲಾರಿ ನಂಬರಿನ ‘ಕೆಎ 35’ಕ್ಕೆ ಒಬ್ಬರು ನಡುವೆ ಜಾಗ ಬಿಟ್ಟರೆ ಇನ್ನೊಬ್ಬರು ಗೆರೆ ಹಾಕುತ್ತಾರೆ. ಒಂದೇ ಲಾರಿ ಮೂರು ಲಾರಿಯಾಗಿ ಬಾಡಿಗೆ ಕೇಳುತ್ತದೆ.

ಇಷ್ಟೆಲ್ಲ ಬಿಡಿಸಿಕೊಟ್ಟದ್ದಕ್ಕೆ ಕ್ವೆರಿ ಅಣ್ಣ ಪಡೆಯುವ ಫೀಸು ಒಂದು ಪ್ಲೇಟು ಒಗ್ಗರಣಿ, ಎರಡು ಮಿರ್ಚಿ. ಅದೂ ಕೊಟ್ಟರೆ. ಮನೆಯವರ ದೂರು ಬೇರೆ ತರಹದ್ದು. ಹಂಪಿಗೆ ಹೋದರೆ ಹೆಂಡತಿ ಮಕ್ಕಳು ವಿರೂಪಾಕ್ಷನ ದರ್ಶನಕ್ಕೆ ಸಾಲಿನಲ್ಲಿ ನಿಲ್ಲುತ್ತಾರೆ, ಇವನು ಹೊರಗೆ ಕಟ್ಟೆಯ ಮೇಲೆ ಕೂತು ಕಂಪ್ಲಿಯ ಯಾರದೋ ‘ಲೆಫ್ಟ್ ಜಾಯಿನ್’ ಸರಿ ಮಾಡುತ್ತಿರುತ್ತಾನೆ. ಹಂಪಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ್ದೂ ಎಸ್‌ಕ್ಯೂಎಲ್‌ಗೆ ಅಮೆರಿಕದ ಮಾನಕ ಸಿಕ್ಕಿದ್ದೂ ಒಂದೇ ವರ್ಷ, 1986ರಲ್ಲಿ. ಇದನ್ನು ಅವನು ಸಿಕ್ಕವರಿಗೆಲ್ಲ ಹೇಳುತ್ತಾನೆ. ಹೆಂಡತಿಗೆ ಹೇಳುವುದನ್ನು ಮಾತ್ರ ಬಿಟ್ಟಿದ್ದಾನೆ.

ಈಚೆಗೆ ಫೋನು ಕಡಿಮೆಯಾಗಿವೆ. ಹುಡುಗರು ಎಐಗೆ ಕೇಳುತ್ತಾರೆ. ಅದು ಟೇಬಲ್ ತೋರಿಸು ಎಂದು ಹಟ ಮಾಡದೆ ಥಟ್ಟನೆ ಇಪ್ಪತ್ತು ಸಾಲು ಬರೆದುಕೊಡುತ್ತದೆ. ಕೆಲಸ ಆಗದಿದ್ದಾಗ ಆ ಇಪ್ಪತ್ತು ಸಾಲೂ ಕ್ವೆರಿ ಅಣ್ಣನ ವಾಟ್ಸಾಪಿಗೆ ಬರುತ್ತವೆ, ಜೊತೆಗೆ ‘ಅರ್ಜೆಂಟ್’. ಅವನು ಬೈದುಕೊಂಡೇ ಓದುತ್ತಾನೆ. ಮುಖದಲ್ಲಿ ಮಾತ್ರ ಕಳೆ ಬಂದಿರುತ್ತದೆ. ಉತ್ತರ ಕಳಿಸಿ, ನೀಲಿ ಟಿಕ್ ಬಿದ್ದ ಮೇಲೂ ಒಂದಷ್ಟು ಹೊತ್ತು ಫೋನು ಕೆಳಗಿಡುವುದಿಲ್ಲ. ಆ ಕಡೆಯಿಂದ ಏನೂ ಬರುವುದಿಲ್ಲ. ಬಂದರೆ ಮುಂದಿನ ತಿಂಗಳು, ಮುಂದಿನ ತೊಂದರೆಯ ಜೊತೆ.

ನಿಮ್ಮ ಊರಿನಲ್ಲೂ ಇಂಥವನೊಬ್ಬ ಇದ್ದರೆ ಮಾನಿಟರಿನ ಫೋಟೋ ಕಳಿಸಬೇಡಿ. ಟೇಬಲಿನ ರಚನೆ, ನಾಲ್ಕು ಸಾಲು ಡೇಟಾ, ಬರಬೇಕಾದ ಉತ್ತರ, ಇಷ್ಟನ್ನು ಟೈಪ್ ಮಾಡಿ ಕಳಿಸಿ. ರಿಪೋರ್ಟು ಬಂದ ಮೇಲೆ ‘ಬಂತಣ್ಣ’ ಅಂತ ಒಂದು ಮೆಸೇಜು ಹಾಕಿ.