ಎಂಟು ಕಾಲಿನ ಬಾಡಿಗೆದಾರ

ನಾಯಿ ಸಾಕಿದವರು ಬೆಳಿಗ್ಗೆ ವಾಕಿಂಗ್ ಹೊರಡುತ್ತಾರೆ. ಯುರೋಪು, ಅಮೆರಿಕಗಳಲ್ಲಿ ಟರಾಂಟುಲಾ ಸಾಕಿದವರು ಬಟ್ಟೆ ತೊಟ್ಟೇ ಬಾತ್‌ಟಬ್‌ಗೆ ಇಳಿಯುತ್ತಾರೆ. ಸ್ನಾನಕ್ಕಲ್ಲ, ಜೇಡವನ್ನು ಹೊಸ ಡಬ್ಬಿಗೆ ಸಾಗಿಸಲು. ತಪ್ಪಿಸಿಕೊಂಡರೂ ಸೋಫಾದಡಿ ಸೇರದಿರಲಿ ಎಂಬ ಮುಂಜಾಗ್ರತೆ!

ಅಮೆರಿಕ ಖಂಡಗಳ ಎಷ್ಟೋ ಟರಾಂಟುಲಾಗಳು ಸಿಟ್ಟು ಬಂದರೆ ಹೊಟ್ಟೆಯ ಮೇಲಿನ ತುರಿಕೆ ರೋಮ ಕೆದರಿ ಸುಮ್ಮನಾಗುತ್ತವೆ. ಏಷ್ಯಾ, ಆಫ್ರಿಕಾದವಕ್ಕೆ ಆ ಸೌಲಭ್ಯವಿಲ್ಲ. ಓಟ, ಇಲ್ಲವೇ ಕಡಿತ. ಆಫ್ರಿಕಾದ ಕಿತ್ತಳೆ ಬಬೂನ್ ಜೇಡವಂತೂ ಮುಂಗಾಲೆತ್ತಿ, ಹಿಂದಕ್ಕೆ ವಾಲಿ, ಕೋರೆಹಲ್ಲು ತೆರೆದು ನಿಲ್ಲುತ್ತದೆ. ನೀರಿಟ್ಟ ಕೈಗೇ ಈ ಮರ್ಯಾದೆ.

ಈ ಬಳಗದ ಸುಂದರಿ ನಮ್ಮ ಬಳ್ಳಾರಿಯ ಆಚೆಗಿನ ಗುತ್ತಿಯವಳು. ಅಲ್ಲಿನ ರೈಲ್ವೆ ಮರದ ಡಿಪೊದಲ್ಲಿ ಸಿಕ್ಕ ನೀಲಿ ಜೇಡವನ್ನು 1899ರಲ್ಲಿ ಪೊಕಾಕ್ ಎಂಬ ವಿಜ್ಞಾನಿ ವರ್ಣಿಸಿದ. ಕಾಡಿನಲ್ಲಿ ಅದೀಗ ಅಳಿವಿನಂಚಿನಲ್ಲಿದೆ. ಪರದೇಶದ ಗಾಜಿನ ಪೆಟ್ಟಿಗೆಗಳಲ್ಲಿ ಮಾತ್ರ ಸುಖವಾಗಿದೆ. ಕಚ್ಚಿದರೆ ಪ್ರಾಣ ಹೋಗದು, ಸ್ನಾಯು ಸೆಳೆತ ಮಾತ್ರ ದಿನಗಟ್ಟಲೆ ಬಿಡದು.

ಹೆಣ್ಣು ಜೇಡ ಹತ್ತು ವರ್ಷ ದಾಟಿ ಬಾಳುವುದುಂಟು. ಹಾಗಾಗಿ ಯಜಮಾನ ಪ್ರವಾಸ ಹೊರಟಾಗಲೆಲ್ಲ ಪಕ್ಕದ ಮನೆಯವರನ್ನು ‘ಸ್ವಲ್ಪ ನೋಡ್ಕೊಳ್ತೀರಾ?’ ಎಂದು ಕೇಳಲೇಬೇಕು. ಅವರಿಗೂ ಅಂದೇ ಪ್ರವಾಸವಿರುತ್ತದೆ.